ಉಪ್ಪು ಬಣ್ಣ ಹಿಡಿಸುವುದಿಲ್ಲ, ಸೋಡಾ ಹಿಡಿಸುತ್ತದೆ

ಮಾಸಿದ ಕಾಟನ್ ಕುರ್ತಾಗೆ ಮನೆಯಲ್ಲೇ ಬಣ್ಣ ಹಾಕಬಹುದು. ಆದರೆ ಅದು ನಿಜವಾಗಿ ಕಾಟನ್ ಹೌದಾ ಅಂತ ಮೊದಲು ನೋಡಿ. ಅಂಚಿನಿಂದ ಎರಡು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ಸಿಂಕ್ ಮೇಲೆ ಸುಡಿ. ಕಾಗದ ಸುಟ್ಟ ವಾಸನೆ ಬಂದರೆ ಹತ್ತಿ ಅಥವಾ ರೇಯಾನ್. ಕೂದಲು ಸುಟ್ಟ ವಾಸನೆಯಾದರೆ ರೇಷ್ಮೆ, ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್‌ನಂಥ ಸಿಂಥೆಟಿಕ್, ಅದನ್ನು ಪಕ್ಕಕ್ಕಿಡಿ.

ಅಂಗಡಿಯಲ್ಲಿ ‘ಕೋಲ್ಡ್ ಬ್ರ್ಯಾಂಡ್’ ರಿಯಾಕ್ಟಿವ್ ಡೈ ಕೇಳಿ. ಬ್ರಿಟನ್ನಿನ ಐಸಿಐ ಕಂಪನಿ 1956ರಲ್ಲಿ ಪ್ರೋಸಿಯಾನ್ ಹೆಸರಲ್ಲಿ ಮಾರುಕಟ್ಟೆಗೆ ತಂದ ಬಗೆಯ ಬಣ್ಣ ಇದು. 100 ಗ್ರಾಂ ಬಟ್ಟೆಗೆ 2–3 ಗ್ರಾಂ ಪುಡಿ ಸಾಕು. ಪುಡಿ ಮೂಗಿಗೆ ಹೋಗಬಾರದು, ಮಾಸ್ಕ್ ಮತ್ತು ಗ್ಲೌಸ್ ಹಾಕಿಕೊಳ್ಳಿ. ಅಡುಗೆ ಪಾತ್ರೆ ಬೇಡ, ಪ್ಲಾಸ್ಟಿಕ್ ಬಕೆಟ್ ಇರಲಿ.

ಬಟ್ಟೆಯ ಗಂಜಿ, ಎಣ್ಣೆ ಹೋಗುವಂತೆ ಒಗೆಯಿರಿ. ಪ್ರತಿ 100 ಗ್ರಾಂ ಬಟ್ಟೆಗೆ 2 ಲೀಟರ್ ಉಗುರುಬೆಚ್ಚಗಿನ ನೀರಿಗೆ ಬಣ್ಣ, 100 ಗ್ರಾಂ ಉಪ್ಪು ಹಾಕಿ ಕರಗಿಸಿ, ಒದ್ದೆ ಬಟ್ಟೆ ಮುಳುಗಿಸಿ. ಅರ್ಧ ಗಂಟೆ ಆಗಾಗ ತಿರುವುತ್ತಿರಿ.

ಉಪ್ಪು ಯಾಕೆ? ನೀರಿನಲ್ಲಿ ಹತ್ತಿಗೂ ಈ ಬಣ್ಣಕ್ಕೂ ಋಣ ವಿದ್ಯುತ್ತೇ ಇರುವುದರಿಂದ ಒಂದನ್ನೊಂದು ದೂಡುತ್ತವೆ. ಉಪ್ಪು ಆ ದೂಡಾಟ ತಗ್ಗಿಸಿ ಬಣ್ಣವನ್ನು ಎಳೆಯ ಹತ್ತಿರ ತರುತ್ತದೆ, ಅಷ್ಟೇ. ಹೊಸ ಬಟ್ಟೆಯನ್ನು ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅಂತಾರಲ್ವಾ? ಅದನ್ನು ನಂಬಿ ಬಿಳಿ ಬಟ್ಟೆ ಜೊತೆ ಒಗೆಯಬೇಡಿ.

ಈಗ 40 ಗ್ರಾಂ ಸೋಡಾ ಆಶ್ (ಸೋಡಿಯಂ ಕಾರ್ಬೊನೇಟ್) ಅನ್ನು ಬೇರೆ ನೀರಲ್ಲಿ ಕರಗಿಸಿ, ಬಟ್ಟೆಯನ್ನು ಬದಿಗೆ ಸರಿಸಿ ಸುರಿಯಿರಿ. ಅಡುಗೆ ಸೋಡಾ ಇಲ್ಲಿ ಕೆಲಸಕ್ಕೆ ಬಾರದು, ಅದರ ಕ್ಷಾರ ಸಾಲದು. ಕ್ಷಾರ ಜಾಸ್ತಿಯಾದಾಗ ಹತ್ತಿ ಆಗಿರುವ ಸೆಲ್ಯುಲೋಸ್‌ನ ಹೈಡ್ರಾಕ್ಸಿಲ್ ಗುಂಪುಗಳು (ಆಕ್ಸಿಜನ್-ಹೈಡ್ರೋಜನ್ ಜೋಡಿಗಳು) ಹೈಡ್ರೋಜನ್ ಬಿಟ್ಟುಕೊಟ್ಟು ಬಣ್ಣದ ಅಣುವಿನ ಜೊತೆ ನೇರ ಬಂಧ ಕಟ್ಟಿಕೊಳ್ಳುತ್ತವೆ. ಆಮೇಲೆ ಬಣ್ಣ ಬಟ್ಟೆಯ ಭಾಗವೇ ಆಯಿತು. ಒಂದು ಗಂಟೆ ಬಿಡಿ.

ತೊಂದರೆ ಏನೆಂದರೆ, ಸೋಡಾ ಬಿದ್ದ ಮೇಲೆ ಬಣ್ಣ ನೀರಿನ ಜೊತೆಗೂ ಕೂಡಿಕೊಳ್ಳುತ್ತದೆ. ಹಾಗೆ ಕೆಟ್ಟ ಬಣ್ಣಕ್ಕೆ ಎಳೆ ಹಿಡಿಯುವ ಶಕ್ತಿ ಇಲ್ಲ, ಸುಮ್ನೆ ಅಂಟಿಕೊಂಡಿರುತ್ತದೆ. ಮುಂದೆ ಒಗೆದಾಗ ಬಟ್ಟೆಯಿಂದ ಬಿಡುವ ಬಣ್ಣ ಇದೇ. ಮೊದಲು ತಣ್ಣೀರಲ್ಲಿ ಉಪ್ಪು ಹೋಗುವವರೆಗೆ ಜಾಲಿಸಿ, ನಂತರ ಬಿಸಿ ಸೋಪು ನೀರಲ್ಲಿ, ನೀರು ತಿಳಿಯಾಗುವ ತನಕ. ಇದು ಬೇಸರದ ಕೆಲಸ, ಆದರೆ ಬಿಡುವಂತಿಲ್ಲ.

ರೇಷ್ಮೆ, ಉಣ್ಣೆಗೆ ದಾರಿಯೇ ಬೇರೆ. ಅವು ಪ್ರೋಟೀನ್. ವಿನೆಗರ್ ಹಾಕಿದ ಬಿಸಿನೀರಲ್ಲಿ ಅವುಗಳ ಅಮೈನೋ ಗುಂಪಿಗೆ ಧನ ವಿದ್ಯುತ್ ಬಂದು, ಋಣ ವಿದ್ಯುತ್ತಿನ ಆಸಿಡ್ ಡೈಯನ್ನು ಸೆಳೆದುಕೊಳ್ಳುತ್ತವೆ. ಪಾಲಿಯೆಸ್ಟರ್‌ನಲ್ಲಿ ಇಂಥ ಹಿಡಿಕೆಯೇ ಇಲ್ಲ. ಕಾರ್ಖಾನೆಯವರು ಒತ್ತಡದಲ್ಲಿ ಸುಮಾರು 130 ಡಿಗ್ರಿ ಕಾಯಿಸಿ ನೀರಲ್ಲಿ ಅಷ್ಟಾಗಿ ಕರಗದ ಡಿಸ್ಪರ್ಸ್ ಡೈಯನ್ನು ಎಳೆಯೊಳಗೆ ತೂರಿಸುತ್ತಾರೆ. ಕುರ್ತಾಗೆ ಚೆನ್ನಾಗಿ ಬಣ್ಣ ಬಂದು ಹೊಲಿಗೆ ಮಾತ್ರ ಬೆಳ್ಳಗೆ ಉಳಿದರೆ, ಆ ದಾರ ಪಾಲಿಯೆಸ್ಟರ್ ಅಂತ ತಿಳಿಯಿರಿ.