ಗೇಮ್ ಕಂಟ್ರೋಲರ್ ಹಿಡಿದು ನಾಟಕಕ್ಕೆ ಲೈಟಿಂಗ್

ಹವ್ಯಾಸಿ ನಾಟಕ ತಂಡಗಳಲ್ಲಿ ಲೈಟಿಂಗ್‌ಗೆ ಸಿಗುವುದು ಕೊನೆಗೆ ಮಿಕ್ಕ ದುಡ್ಡು. ಹಾಲ್ ಬಾಡಿಗೆ, ಕಾಸ್ಟ್ಯೂಮ್, ಮೇಕಪ್, ಊಟ ಎಲ್ಲ ಕಳೆದು ಏನಾದರೂ ಉಳಿದರೆ ಲೈಟಿನವರ ಪಾಲು. ಒಂದು ಕಾಲದಲ್ಲಿ ಉಪ್ಪುನೀರಿನ ಜಾಡಿಯೊಳಗೆ ಲೋಹದ ತಗಡು ಇಳಿಸಿ, ಏರಿಸಿ ದೀಪ ಮಂದ ಮಾಡುತ್ತಿದ್ದರು. ಅದೂ ಮೇನ್ಸ್ ಕರೆಂಟಿನಲ್ಲಿ! ಈಗ ಆ ಸಾಹಸ ಬೇಡ. ಒಂದು ಲ್ಯಾಪ್‌ಟಾಪ್, ಮಕ್ಕಳು ಆಡುವ ಗೇಮ್ ಕಂಟ್ರೋಲರ್, ಬಾಡಿಗೆಗೆ ತಂದ ನಾಲ್ಕಾರು ಎಲ್‌ಇಡಿ ಪಾರ್ ಲೈಟ್ (ರಂಗಕ್ಕೆ ಬಳಸುವ ಡಬ್ಬಿಯಾಕಾರದ ದೀಪ) ಇದ್ದರೆ ಶಾಲೆಯ ಹಾಲ್‌ನಲ್ಲಿ ಒಂದು ನಾಟಕವನ್ನು ಚೆನ್ನಾಗಿಯೇ ಬೆಳಗಬಹುದು.

ಏನೇನು ಬೇಕು

ಪಾರ್ ಲೈಟಿನ ಬೆನ್ನಿನಲ್ಲಿ ಡಿಎಂಎಕ್ಸ್ ಇನ್, ಡಿಎಂಎಕ್ಸ್ ಔಟ್ ಎಂಬ ಎರಡು ಸಾಕೆಟ್ ಇರಬೇಕು. ಬಾಡಿಗೆ ಅಂಗಡಿಯಲ್ಲಿ ಇದನ್ನು ನೋಡಿಯೇ ತನ್ನಿ. ಡಿಎಂಎಕ್ಸ್ ಅಂದರೆ 1986ರಲ್ಲಿ ಅಮೆರಿಕದ ರಂಗತಂತ್ರಜ್ಞರ ಸಂಸ್ಥೆಯೊಂದು ರೂಪಿಸಿದ ಸಂಕೇತ ಪದ್ಧತಿ. ಒಂದೇ ಕೇಬಲ್‌ನಲ್ಲಿ 512 ಚಾನಲ್, ಪ್ರತಿ ಚಾನಲ್‌ಗೂ 0ಯಿಂದ 255ರವರೆಗೆ ಒಂದು ಅಂಕಿ. ಚಾನಲ್ ಅಂದರೆ ಲೈಟಿನ ಒಂದೊಂದು ಗುಣದ ಹಿಡಿತ: ಒಂದು ಪ್ರಖರತೆಗೆ, ಒಂದು ಕೆಂಪಿಗೆ, ಹೀಗೆ. ಇಷ್ಟು ಗೊತ್ತಿದ್ದರೆ ಸಾಕು.

ಲ್ಯಾಪ್‌ಟಾಪಿನಿಂದ ಆ ಕೇಬಲ್‌ಗೆ ಹೋಗಲು ಯುಎಸ್‌ಬಿ-ಡಿಎಂಎಕ್ಸ್ ಡಾಂಗಲ್ ಬೇಕು. ಅಗ್ಗದ ಡಾಂಗಲ್‌ಗಳಲ್ಲಿ ಯುಎಸ್‌ಬಿ ಸಂಕೇತವನ್ನು ಪರಿವರ್ತಿಸುವ ಎಫ್‌ಟಿಡಿಐ ಚಿಪ್ ಮಾತ್ರ ಇರುತ್ತದೆ, ಸಂಕೇತದ ಲಯ ಕಾಯುವ ಕೆಲಸವೆಲ್ಲ ಲ್ಯಾಪ್‌ಟಾಪಿನದು. ಲ್ಯಾಪ್‌ಟಾಪ್ ಬೇರೆ ಕೆಲಸದಲ್ಲಿ ಮುಳುಗಿದರೆ ದೀಪ ಮಿಣುಕಬಹುದು. ದುಬಾರಿ ಡಾಂಗಲ್‌ಗೆ ತನ್ನದೇ ಪ್ರೊಸೆಸರ್ ಇರುತ್ತದೆ. ನಾಟಕಕ್ಕೆ ಅಗ್ಗದ್ದು ಸಾಕು, ಆದರೆ ಆ ಲ್ಯಾಪ್‌ಟಾಪಿನಲ್ಲಿ ಬ್ರೌಸರ್ ತೆರೆಯಬೇಡಿ, ವೈಫೈ ಆಫ್ ಮಾಡಿ.

ಸಾಫ್ಟ್‌ವೇರ್ ಕ್ಯೂಎಲ್‌ಸಿ ಪ್ಲಸ್. ಉಚಿತ, ಓಪನ್ ಸೋರ್ಸ್, ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಓಡುತ್ತದೆ. ಗೇಮ್ ಕಂಟ್ರೋಲರ್ ಅದಕ್ಕೆ ನೇರವಾಗಿ ಅರ್ಥವಾಗುತ್ತದೆ.

ಕಂಟ್ರೋಲರ್ ವೈರ್ ಇರುವುದೇ ಆಗಲಿ. ವೈರ್‌ಲೆಸ್ ಕಂಟ್ರೋಲರ್ ಸ್ವಲ್ಪ ಹೊತ್ತು ಯಾರೂ ಮುಟ್ಟದಿದ್ದರೆ ತಾನೇ ಆಫ್ ಆಗುತ್ತದೆ. ಆಟದಲ್ಲಿ ಅದು ತೊಂದರೆಯಲ್ಲ. ನಾಟಕದಲ್ಲಿ ಇಪ್ಪತ್ತು ನಿಮಿಷ ಒಂದೇ ಬೆಳಕಿನಲ್ಲಿ ನಡೆಯುವ ದೃಶ್ಯ ಇರುತ್ತದಲ್ವಾ? ಅದು ಮುಗಿದು ಬ್ಲ್ಯಾಕ್‌ಔಟ್ ಒತ್ತುವಾಗ ಕಂಟ್ರೋಲರ್ ನಿದ್ದೆಯಲ್ಲಿದ್ದರೆ ಕಥೆ ಮುಗಿಯಿತು.

ವೈರಿಂಗ್ ಮತ್ತು ಅಡ್ರೆಸ್

ಡಾಂಗಲ್‌ನಿಂದ ಮೊದಲ ಲೈಟಿನ ಇನ್‌ಗೆ, ಅದರ ಔಟ್‌ನಿಂದ ಎರಡನೆಯದರ ಇನ್‌ಗೆ, ಹೀಗೆ ಸಾಲಾಗಿ ಜೋಡಿಸುತ್ತ ಹೋಗಿ. ನಡುವೆ ವೈ ಕೇಬಲ್ ಹಾಕಿ ಕವಲು ತೆಗೆಯಬೇಡಿ. ಮೈಕ್ ಕೇಬಲ್ ಈ ಸಾಕೆಟ್‌ಗೆ ಸರಿಯಾಗಿ ಕೂರುತ್ತದೆ, ಚಿಕ್ಕ ದೂರಕ್ಕೆ ನಡೆದೂ ಬಿಡುತ್ತದೆ. ದೂರ ಜಾಸ್ತಿಯಾದಂತೆ ಲೈಟುಗಳು ಕಾರಣವಿಲ್ಲದೆ ಬಣ್ಣ ಬದಲಿಸಲು ಶುರುಮಾಡುತ್ತವೆ. ಕೊನೆಯ ಲೈಟಿನ ಔಟ್‌ಗೆ ಒಂದು ಟರ್ಮಿನೇಟರ್ (ಸಂಕೇತ ಸಾಲಿನ ತುದಿಯಿಂದ ಹಿಂದಕ್ಕೆ ಪುಟಿಯದಂತೆ ತಡೆಯುವ ಪ್ಲಗ್) ಸಿಕ್ಕಿಸಿದರೆ ಈ ಕಾಟ ಬಹುಮಟ್ಟಿಗೆ ತಪ್ಪುತ್ತದೆ. ಅಂಗಡಿಯಲ್ಲಿ ಕೊಳ್ಳಬೇಕಿಲ್ಲ. ಮೂರು ಪಿನ್ನಿನ ಒಂದು ಮೇಲ್ ಎಕ್ಸ್‌ಎಲ್‌ಆರ್ ಪ್ಲಗ್ ಬಿಚ್ಚಿ, 2 ಮತ್ತು 3ನೇ ಪಿನ್ ನಡುವೆ 120 ಓಮ್‌ನ ರೆಸಿಸ್ಟರ್ ಬೆಸುಗೆ ಹಾಕಿ ಮುಚ್ಚಿ, ಅಷ್ಟೇ.

ಇನ್ನು ಅಡ್ರೆಸ್, ಅಂದರೆ ಆ ಲೈಟಿನ ಮೊದಲ ಚಾನಲ್‌ನ ಸಂಖ್ಯೆ. ನಿಮ್ಮ ಪಾರ್ 8 ಚಾನಲ್‌ನದು ಅಂತಿಟ್ಟುಕೊಳ್ಳಿ. ಮೊದಲ ಲೈಟಿಗೆ 1, ಎರಡನೆಯದಕ್ಕೆ 9, ಮೂರನೆಯದಕ್ಕೆ 17, ನಾಲ್ಕನೆಯದಕ್ಕೆ 25. ಹಿಂಬದಿಯ ಪುಟ್ಟ ಡಿಸ್‌ಪ್ಲೇಯಲ್ಲಿ ಇದನ್ನು ಸೆಟ್ ಮಾಡಿ, ಲೈಟಿನ ಮೇಲೆ ಟೇಪ್ ಅಂಟಿಸಿ ಬರೆದೂ ಬಿಡಿ. ಸದಾ ಒಟ್ಟಿಗೇ ಹೊತ್ತಬೇಕಾದ ಎರಡು ಲೈಟುಗಳಿಗೆ ಒಂದೇ ಅಡ್ರೆಸ್ ಕೊಟ್ಟರೆ ಕೆಲಸ ಅರ್ಧ ಕಡಿಮೆಯಾಗುತ್ತದೆ. ಲೈಟ್ ತೂಗುಹಾಕಿದ ಕಡೆಯೆಲ್ಲ ಸೇಫ್ಟಿ ಚೈನ್ ಇರಲಿ, ಇದರಲ್ಲಿ ಚೌಕಾಸಿ ಬೇಡ.

ನಟರ ಮುಖಕ್ಕೆ ಕೆಂಪು, ಹಸಿರು, ನೀಲಿ ಬೆರೆಸಿ ಮಾಡಿದ ಬಿಳಿ ಬೆಳಕು ಬಿಡಬೇಡಿ. ಎಂಥ ಮೇಕಪ್ ಹಾಕಿದ್ದರೂ ಮುಖ ನೇರಳೆ ತಿರುಗುತ್ತದೆ. ಮುಂಭಾಗಕ್ಕೆ ವಾರ್ಮ್ ವೈಟ್ ಪಾರ್ ಕೇಳಿ ತನ್ನಿ. ಬಣ್ಣದ್ದು ಹಿಂಬದಿಗೂ ಪಕ್ಕಕ್ಕೂ ಸಾಕು.

ಸಾಫ್ಟ್‌ವೇರ್‌ನಲ್ಲಿ

ಇನ್‌ಪುಟ್/ಔಟ್‌ಪುಟ್ ಪುಟಕ್ಕೆ ಹೋಗಿ, ಮೊದಲ ಯೂನಿವರ್ಸ್‌ನಲ್ಲಿ (512 ಚಾನಲ್‌ಗಳ ಒಂದು ಗುಂಪು) ಡಾಂಗಲ್‌ನ ಎದುರು ಔಟ್‌ಪುಟ್‌ಗೂ ಕಂಟ್ರೋಲರ್‌ನ ಎದುರು ಇನ್‌ಪುಟ್‌ಗೂ ಟಿಕ್ ಹಾಕಿ. ಫಿಕ್ಸ್ಚರ್ಸ್ ಪುಟದಲ್ಲಿ ಲೈಟುಗಳನ್ನು ಅದೇ ಅಡ್ರೆಸ್‌ನಲ್ಲಿ ಸೇರಿಸಿ. ನಿಮ್ಮ ಲೈಟಿನ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ ಚಿಂತೆ ಬೇಡ, ಜೆನೆರಿಕ್ ಅಂತ ಸೇರಿಸಿ ಒಂದೊಂದೇ ಚಾನಲ್ ಏರಿಸಿ ನೋಡಿ, ಯಾವುದು ಏನು ಮಾಡುತ್ತದೆಂದು ತಿಳಿಯುತ್ತದೆ.

ಆಮೇಲೆ ನಾಟಕದ ಪ್ರತಿ ಬೆಳಕಿಗೂ ಒಂದೊಂದು ಸೀನ್ ಮಾಡಿ: ಬೆಳಗಿನ ಅಂಗಳ, ರಾತ್ರಿಯ ಅಂಗಳ, ಕತ್ತಲು. ಎಲ್ಲವನ್ನೂ ನಾಟಕದ ಕ್ರಮದಲ್ಲೇ ಒಂದು ಚೇಸರ್‌ನಲ್ಲಿ (ಸೀನ್‌ಗಳ ಸರಣಿ) ಪೋಣಿಸಿ. ಪ್ರತಿಯೊಂದಕ್ಕೂ ಫೇಡ್ ಎಷ್ಟು ಸೆಕೆಂಡ್ ಎಂದು ಬರೆದು, ಹೋಲ್ಡ್ ಸಮಯವನ್ನು ಅನಂತ ಎಂದಿಡಿ. ಇಲ್ಲದಿದ್ದರೆ ನೀವು ಒತ್ತುವ ಮೊದಲೇ ಮುಂದಿನ ಬೆಳಕಿಗೆ ಓಡಿಬಿಡುತ್ತದೆ. ವರ್ಚುವಲ್ ಕನ್ಸೋಲ್‌ನಲ್ಲಿ ಕ್ಯೂ ಲಿಸ್ಟ್ (ಬೆಳಕು ಬದಲಿಸುವ ಸೂಚನೆಗಳ ಪಟ್ಟಿ) ಇಟ್ಟು ಈ ಚೇಸರ್ ಅನ್ನು ಅದಕ್ಕೆ ಕಟ್ಟಿ.

ಕಂಟ್ರೋಲರ್‌ಗೆ ಏನು ವಹಿಸಬೇಕು

ಹೆಚ್ಚಿನವರು ಎಡವುವುದು ಇಲ್ಲೇ. ಕಂಟ್ರೋಲರ್ ಮೇಲೆ ಹೆಬ್ಬೆರಳಿನಿಂದ ಆಡಿಸುವ ಕಡ್ಡಿ (ಸ್ಟಿಕ್) ಕಂಡ ಕೂಡಲೇ ಅದನ್ನು ಡಿಮ್ಮರ್ ಮಾಡೋಣ ಅನಿಸುತ್ತದೆ. ಬೇಡ. ಕೈ ಬಿಟ್ಟರೆ ಕಡ್ಡಿ ನಡುವಿಗೆ ಬಂದು ನಿಲ್ಲುತ್ತದೆ. 0ಯಿಂದ 255ರ ಲೆಕ್ಕದಲ್ಲಿ ಅದು ಸುಮಾರು 127. ಅಂದರೆ ನೀವು ಕೈ ತೆಗೆದಾಗಲೆಲ್ಲ ದೀಪ ಅರ್ಧಕ್ಕೆ ಬಂದು ಕೂರುತ್ತದೆ, ಕತ್ತಲಾಗುವುದೇ ಇಲ್ಲ. ತೋರುಬೆರಳಿನಿಂದ ಒತ್ತುವ ಟ್ರಿಗರ್‌ನ ಕಥೆಯೂ ಪೂರ್ತಿ ಸುಖವಲ್ಲ. ಎಕ್ಸ್‌ಬಾಕ್ಸ್ ಮಾದರಿಯ ಕಂಟ್ರೋಲರ್‌ನ ಎರಡೂ ಟ್ರಿಗರ್‌ಗಳನ್ನು ವಿಂಡೋಸ್‌ನ ಹಳೆಯ ಜಾಯ್‌ಸ್ಟಿಕ್ ವ್ಯವಸ್ಥೆ ಒಂದೇ ಅಕ್ಷವಾಗಿ ಕಾಣುತ್ತದೆ. ಎರಡನ್ನೂ ಒತ್ತಿದರೆ ಒಂದನ್ನೊಂದು ಹೊಡೆದುಹಾಕುತ್ತವೆ. ವಿಂಡೋಸ್‌ನಲ್ಲಿ ‘ಸೆಟ್ ಅಪ್ ಯುಎಸ್‌ಬಿ ಗೇಮ್ ಕಂಟ್ರೋಲರ್ಸ್’ ಅಂತ ಹುಡುಕಿ ತೆರೆದರೆ ಯಾವುದು ಒತ್ತಿದರೆ ಏನು ಅಲುಗುತ್ತದೆ ಎಂದು ಕಣ್ಣಾರೆ ನೋಡಬಹುದು. ಕಡ್ಡಿಗೆ ನಿಜವಾದ ಕೆಲಸ ಇರುವುದು ಮೂವಿಂಗ್ ಹೆಡ್ (ತಾನೇ ತಿರುಗುವ ದೀಪ) ಇದ್ದಾಗ ಮಾತ್ರ. ಅದನ್ನು ಆಚೀಚೆ, ಮೇಲೆ ಕೆಳಗೆ ತಿರುಗಿಸಬಹುದು.

ಆದ್ದರಿಂದ ಬಟನ್‌ಗಳನ್ನೇ ನಂಬಿ. ಕ್ಯೂ ಲಿಸ್ಟ್‌ನ ಪ್ರಾಪರ್ಟೀಸ್‌ನಲ್ಲಿ ‘ನೆಕ್ಸ್ಟ್ ಕ್ಯೂ’ ಎದುರು ಆಟೋ ಡಿಟೆಕ್ಟ್ ಒತ್ತಿ, ಕಂಟ್ರೋಲರ್‌ನ ‘ಎ’ ಬಟನ್ ಒತ್ತಿ. ಹಿಡಿದುಕೊಂಡಿತು. ಹಿಂದಿನ ಕ್ಯೂಗೆ ‘ಬಿ’. ಭುಜದ ಬಟನ್ ಒಂದಕ್ಕೆ ಮಿಂಚಿನ ಸೀನ್ ಕೊಟ್ಟು, ಅದನ್ನು ಟಾಗಲ್ ಬದಲು ಫ್ಲ್ಯಾಷ್ ಮಾಡಿ. ಒತ್ತಿರುವಷ್ಟು ಹೊತ್ತು ಬೆಳಕು, ಬಿಟ್ಟರೆ ಇಲ್ಲ. ಗುಡುಗಿನ ಸದ್ದಿಗೆ ಮುಂಚೆ ಎರಡು ಸಲ ಟಕಟಕ ಒತ್ತಿ ನೋಡಿ, ಮೌಸ್‌ನಲ್ಲಿ ಅದು ಎಂದೂ ಬರುವುದಿಲ್ಲ. ಬ್ಲ್ಯಾಕ್‌ಔಟ್ ಬಟನ್ ‘ಎ’ ಪಕ್ಕದಲ್ಲಿ ಬೇಡ. ಕೈಜಾರಿ ಒತ್ತಿಬಿಡದಿರಲು ಮಧ್ಯದ ಸೆಲೆಕ್ಟ್ ಬಟನ್‌ಗೆ ಕೊಡಿ. ಕಡ್ಡಿಯನ್ನು ಕೆಳಗೆ ಒತ್ತಿದರೂ ಒಂದು ಬಟನ್ ಆಗುತ್ತದೆ, ಅದಕ್ಕೆ ಏನನ್ನೂ ಕೊಡಬೇಡಿ. ಗಡಿಬಿಡಿಯಲ್ಲಿ ಹೆಬ್ಬೆರಳು ಅದನ್ನೇ ಒತ್ತುತ್ತದೆ.

ಇದೆಲ್ಲದರ ದೊಡ್ಡ ಲಾಭ ಅಂದರೆ ಆಪರೇಟರ್ ಪರದೆ ನೋಡಬೇಕಿಲ್ಲ. ಕಣ್ಣು ನಟರ ಮೇಲೇ ಇರುತ್ತದೆ. ಮಾತು ಮರೆತವರು ತಡವರಿಸಿದರೆ ನೀವೂ ತಡೆದು ಒತ್ತಬಹುದು.

ಪ್ರದರ್ಶನದ ದಿನ

ಕಂಟ್ರೋಲರ್ ಮತ್ತು ಡಾಂಗಲ್ ಎರಡನ್ನೂ ಚುಚ್ಚಿದ ಮೇಲೆಯೇ ಸಾಫ್ಟ್‌ವೇರ್ ತೆರೆಯಿರಿ, ಪೋರ್ಟ್ ಬದಲಿಸಬೇಡಿ. ಸ್ಟೀಮ್ ಎಂಬ ಗೇಮಿಂಗ್ ಆ್ಯಪ್ ಇದ್ದರೆ ಮುಚ್ಚಿ. ವಿಂಡೋಸ್‌ನ ಗೇಮ್ ಬಾರ್ ಆಫ್ ಮಾಡಿ, ಇಲ್ಲವಾದರೆ ನಡುವಿನ ಲೋಗೋ ಬಟನ್ ತಾಗಿದ ಕೂಡಲೇ ಅದು ಪರದೆಯ ಮೇಲೆ ಬಂದು ಕೂರುತ್ತದೆ. ಲ್ಯಾಪ್‌ಟಾಪಿನ ಸ್ಲೀಪ್, ಅಪ್‌ಡೇಟ್ ಎರಡನ್ನೂ ನಿಲ್ಲಿಸಿ. ಸಾಫ್ಟ್‌ವೇರ್ ಅನ್ನು ಆಪರೇಟ್ ಮೋಡ್‌ಗೆ ಹಾಕಿ, ಮೊದಲ ಕ್ಯೂನಿಂದ ಕೊನೆಯವರೆಗೆ ನಟರಿಲ್ಲದೆ ಒಮ್ಮೆ ಒತ್ತಿ ಹೋಗಿ. ಫೈಲಿನ ಒಂದು ಪ್ರತಿ ಪೆನ್‌ಡ್ರೈವ್‌ನಲ್ಲಿರಲಿ. ಮುಂದಿನ ಊರಿನಲ್ಲಿ ಬೇರೆ ಬಾಡಿಗೆ ಲೈಟ್ ಸಿಕ್ಕರೆ ಅದೇ ಅಡ್ರೆಸ್ ಕೊಟ್ಟು, ಚಾನಲ್ ಕ್ರಮ ಮಾತ್ರ ಒಮ್ಮೆ ತಾಳೆ ನೋಡಿಕೊಳ್ಳಿ. ಅದು ಹೊಂದಿದರೆ ಸೀನ್‌ಗಳನ್ನು ಮತ್ತೆ ಮಾಡಬೇಕಾಗುವುದಿಲ್ಲ.