ಊರಿನ ಸ್ಟ್ರಿಪ್‌ನಿಂದ ಹಳದಿ ಪುಸ್ತಕದವರೆಗೆ: ಇಂಗ್ಲೆಂಡಿನಲ್ಲಿ ರಕ್ತ ತೆಳು ಮಾಡುವ ಮಾತ್ರೆ

ಆರು ತಿಂಗಳ ಮಾತ್ರೆಯನ್ನು ಸೂಟ್‌ಕೇಸಿನಲ್ಲಿ ತುಂಬಿಕೊಂಡು ಬಂದವರಿಗೆ ತೊಂದರೆ ಶುರುವಾಗುವುದು ಏಳನೇ ತಿಂಗಳಲ್ಲಿ. ಇಲ್ಲಿನ ಜಿಪಿ (ಕುಟುಂಬ ವೈದ್ಯರು) ಮುಂದೆ 'ಇಕೋಸ್ಪ್ರಿನ್ ಗೋಲ್ಡ್' ಎಂದರೆ ಅವರಿಗೆ ತಲೆಬುಡ ತಿಳಿಯುವುದಿಲ್ಲ. ಇಲ್ಲಿ ಔಷಧ ಬರೆಯುವುದು ಮೂಲ ಹೆಸರಿನಲ್ಲಿ. ಹಾಗಾಗಿ ಬಂದ ವಾರವೇ ಜಿಪಿ ಬಳಿ ಹೆಸರು ನೋಂದಾಯಿಸಿ. ಡಿಸ್ಚಾರ್ಜ್ ಸಮ್ಮರಿಯ ಜೊತೆ ಸ್ಟ್ರಿಪ್‌ನ ಹಿಂಭಾಗದ ಫೋಟೋ ಕೊಡಿ. ಸಣ್ಣಕ್ಷರದಲ್ಲಿರುವ ಹೆಸರೇ ಅಲ್ಲಿ ಮುಖ್ಯ.

ಇಕೋಸ್ಪ್ರಿನ್ ಗೋಲ್ಡ್‌ನ ಒಂದೇ ಕ್ಯಾಪ್ಸೂಲಿನಲ್ಲಿ ಆಸ್ಪಿರಿನ್, ಕ್ಲೋಪಿಡೊಗ್ರೆಲ್, ಅಟೊರ್ವಾಸ್ಟಾಟಿನ್ ಮೂರೂ ಇವೆ. ಇಲ್ಲಿ ಅವು ಮೂರು ಬೇರೆ ಡಬ್ಬಿಯಾಗಿ ಬರುತ್ತವೆ. 'ಇಲ್ಲಿಯದು ಹೊಸ ಔಷಧ, ಊರಿನದು ಹಳೆಯದು' ಎಂದುಕೊಂಡು ಎರಡನ್ನೂ ನುಂಗಿದರೆ ಆಸ್ಪಿರಿನ್ 75ರ ಬದಲು 150 ಮಿಲಿಗ್ರಾಂ, ಕ್ಲೋಪಿಡೊಗ್ರೆಲ್ ಕೂಡ ದುಪ್ಪಟ್ಟು. ಹೊಸ ಡಬ್ಬಿ ಕೈಗೆ ಬಂದ ದಿನವೇ ಹಳೆಯದನ್ನು ಫಾರ್ಮಸಿಗೆ ಹಿಂದಿರುಗಿಸಿ. ಕ್ಲೋಪಿಡೊಗ್ರೆಲ್ ಇದ್ದವರು ಹೊಟ್ಟೆಯುರಿಗೆಂದು ಊರಿನಿಂದ ತಂದ ಓಮೆಪ್ರಜೋಲ್ ಮುಂದುವರಿಸಬೇಡಿ. ಅದು ಕ್ಲೋಪಿಡೊಗ್ರೆಲ್‌ನ ಕೆಲಸವನ್ನು ಕುಂದಿಸುತ್ತದೆ. ಬದಲಿಗೆ ಏನು ತೆಗೆದುಕೊಳ್ಳಬೇಕೆಂದು ಜಿಪಿಯನ್ನೇ ಕೇಳಿ. ಇಲ್ಲಿ ಲ್ಯಾನ್ಸೊಪ್ರಜೋಲ್ ಬರೆಯುವುದು ರೂಢಿ.

ಆಸ್ಪಿರಿನ್, ಕ್ಲೋಪಿಡೊಗ್ರೆಲ್ ಎರಡೂ ರಕ್ತದ ಪ್ಲೇಟ್‌ಲೆಟ್‌ಗಳು ಅಂಟಿಕೊಳ್ಳದಂತೆ ತಡೆಯುವ ಮಾತ್ರೆಗಳು. ಸ್ಟೆಂಟ್ ಹಾಕಿಸಿಕೊಂಡವರಿಗೆ, ಹೃದಯಾಘಾತ ಆದವರಿಗೆ. ಏಟ್ರಿಯಲ್ ಫಿಬ್ರಿಲೇಷನ್ (ಹೃದಯ ಬಡಿತ ತಾಳ ತಪ್ಪುವ ತೊಂದರೆ) ಇದ್ದು ಪಾರ್ಶ್ವವಾಯುವಿನ ಭಯ ಇರುವವರಿಗೆ, ಕವಾಟ ಬದಲಿಸಿಕೊಂಡವರಿಗೆ ಕೊಡುವುದು ವಾರ್ಫರಿನ್‌ನಂಥ ಇನ್ನೊಂದು ಬಗೆಯ ಮಾತ್ರೆ. ಎರಡನ್ನೂ ನಾವು 'ಬ್ಲಡ್ ಥಿನ್ನರ್' ಎಂದೇ ಕರೆಯುತ್ತೇವೆ, ಆದರೆ ಒಂದು ಇನ್ನೊಂದಕ್ಕೆ ಬದಲಿಯಲ್ಲ. ಇನ್ನು, ಯಾವ ಹೃದ್ರೋಗವೂ ಇಲ್ಲದೆ 'ಇರಲಿ ಬಿಡಿ' ಎಂದು ದಿನಾ ಆಸ್ಪಿರಿನ್ ನುಂಗುವುದನ್ನು ಇಲ್ಲಿನ ವೈದ್ಯರು ಸಾಮಾನ್ಯವಾಗಿ ಒಪ್ಪುವುದಿಲ್ಲ, ಅವರು ಹೇಳುವುದು ಸರಿಯೇ.

ಊರಿನಲ್ಲಿ ಕವಾಟದ ಶಸ್ತ್ರಚಿಕಿತ್ಸೆ ಆದವರಲ್ಲಿ ಅನೇಕರ ಬಳಿ ಅಸಿಟ್ರಾಂ ಇರುತ್ತದೆ. ಅದರ ಮೂಲ ಹೆಸರು ನಿಕೌಮಲೋನ್, ಅಂದರೆ ಅಸೆನೊಕೌಮರಾಲ್. ಇಲ್ಲಿ ಅದು ಅಪರೂಪ, ಕೊಡುವುದು ವಾರ್ಫರಿನ್. ಅಸಿಟ್ರಾಂ 2 ಮಿಲಿಗ್ರಾಂ ಎಂದರೆ ವಾರ್ಫರಿನ್ 2 ಮಿಲಿಗ್ರಾಂ ಅಲ್ಲ. ಆ ಲೆಕ್ಕ ಮನೆಯಲ್ಲಿ ಹಾಕುವಂಥದ್ದಲ್ಲ. ಕ್ಲಿನಿಕ್ ಬದಲಿಸುತ್ತದೆ, ಕೆಲವೇ ದಿನದಲ್ಲಿ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂಬುದರ ಅಳತೆ) ಮತ್ತೆ ನೋಡುತ್ತದೆ. ಲೋಹದ ಕವಾಟ ಇದ್ದವರಿಗೆ ಅಪಿಕ್ಸಬಾನ್, ರಿವರೊಕ್ಸಬಾನ್‌ನಂಥ ಹೊಸ ಮಾತ್ರೆ ಕೊಡಬಾರದು. ಕೋವಿಡ್ ಕಾಲದಲ್ಲಿ ಇಲ್ಲಿ ಕೆಲವರಿಗೆ ಹಾಗೆ ತಪ್ಪಾಗಿ ಬದಲಾಗಿ, 2021ರ ಜುಲೈನಲ್ಲಿ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಎಚ್ಚರಿಕೆಯ ಸುತ್ತೋಲೆ ಹೊರಡಿಸಬೇಕಾಯಿತು. 'ಕವಾಟ ಲೋಹದ್ದು' ಎಂದು ನೀವೇ ಬಾಯಿಬಿಟ್ಟು ಹೇಳಿ.

ವಾರ್ಫರಿನ್ ಶುರುವಾದರೆ ಹಳದಿ ಪುಸ್ತಕವೊಂದು ಸಿಗುತ್ತದೆ, ಜೊತೆಗೆ ಜೇಬಿನಲ್ಲಿಡುವ ಎಚ್ಚರಿಕೆ ಕಾರ್ಡ್. ಪ್ರತಿ ಪರೀಕ್ಷೆಯ ಐಎನ್‌ಆರ್, ಮುಂದಿನ ಡೋಸ್, ಮುಂದಿನ ತಾರೀಖು ಅದರಲ್ಲಿ. ಏಟ್ರಿಯಲ್ ಫಿಬ್ರಿಲೇಷನ್‌ನವರಿಗೆ ಗುರಿ 2ರಿಂದ 3. ಲೋಹದ ಕವಾಟಕ್ಕೆ ಹಲವು ವೇಳೆ ಅದಕ್ಕಿಂತ ಹೆಚ್ಚು. ಮಾತ್ರೆಗಳಿಗೆ ಬಣ್ಣವಿದೆ: 0.5 ಬಿಳಿ, 1 ಕಂದು, 3 ನೀಲಿ, 5 ಗುಲಾಬಿ. 4 ಮಿಲಿಗ್ರಾಂ ಎಂದರೆ ಒಂದು ನೀಲಿ, ಒಂದು ಕಂದು. ಫೋನಿನಲ್ಲಿ ಡೋಸ್ ಹೇಳುವಾಗಲೂ ಕೇಳುವಾಗಲೂ 'ಎರಡು ಮಾತ್ರೆ' ಎನ್ನಬೇಡಿ. ಕಂದಾದರೆ ಅದು 2, ಗುಲಾಬಿಯಾದರೆ 10. ಮಿಲಿಗ್ರಾಂನಲ್ಲೇ ಮಾತಾಡಿ. ಊರಿನ ಸ್ಟ್ರಿಪ್‌ನ ಬಣ್ಣ ನೋಡಿ ಇಲ್ಲಿಯದನ್ನು ಊಹಿಸುವುದಂತೂ ಬೇಡ. ಸಂಜೆ ಆರಕ್ಕೆಂದು ಇಟ್ಟುಕೊಂಡ ಡೋಸ್ ಮರೆತು ರಾತ್ರಿ ನೆನಪಾದರೆ ಆಗಲೇ ತೆಗೆದುಕೊಳ್ಳಿ. ಬೆಳಗ್ಗೆ ನೆನಪಾದರೆ ಬಿಟ್ಟುಬಿಡಿ, ಪುಸ್ತಕದಲ್ಲಿ ಬರೆದಿಡಿ, ಎರಡು ದಿನದ್ದು ಒಟ್ಟಿಗೆ ಬೇಡ.

ಸೊಪ್ಪು ತಿನ್ನಬಾರದು ಎಂಬ ಮಾತು ಅರ್ಧ ಸತ್ಯ. ಮೆಂತ್ಯ, ಪಾಲಕ್, ನುಗ್ಗೆ ಸೊಪ್ಪಿನಲ್ಲಿರುವ ವಿಟಮಿನ್ ಕೆ ವಾರ್ಫರಿನ್‌ಗೆ ಎದುರು ಕೆಲಸ ಮಾಡುತ್ತದೆ ನಿಜ. ಆದರೆ ವಾರಕ್ಕೆ ಮೂರು ಸಲ ಬಸ್ಸಾರು ತಿನ್ನುವ ಮನೆಯಲ್ಲಿ ಮೂರು ಸಲವೇ ತಿನ್ನಿ, ಡೋಸ್ ಅದಕ್ಕೆ ಹೊಂದಿಕೊಳ್ಳುತ್ತದೆ. ಕೆಡಿಸುವುದು ಏರುಪೇರು. ಅಡುಗೆಯ ಅರಿಶಿನ ಬೇರೆ, ಅರಿಶಿನದ ಕ್ಯಾಪ್ಸೂಲ್ ಬೇರೆ, ಎರಡನೆಯದು ಬೇಡ. ಕ್ರ್ಯಾನ್‌ಬೆರ್ರಿ ಜ್ಯೂಸೂ ಬೇಡ.

ಅಪಿಕ್ಸಬಾನ್, ರಿವರೊಕ್ಸಬಾನ್‌ನಂಥ ಹೊಸ ಮಾತ್ರೆಗಳಿಗೆ ಐಎನ್‌ಆರ್ ಬೇಕಿಲ್ಲ, ಆದರೆ ಮೂತ್ರಪಿಂಡದ ಪರೀಕ್ಷೆ ವರ್ಷಕ್ಕೊಮ್ಮೆಯಾದರೂ ಬೇಕು, ವಯಸ್ಸಾದವರಿಗೆ ಇನ್ನೂ ಬೇಗ. ಊರಿನ ವರದಿಯಲ್ಲಿ ಕ್ರಿಯಾಟಿನಿನ್ 1.5 ಎಂದಿದ್ದರೆ ಇಲ್ಲಿ ಅದು 133. ಸಂಖ್ಯೆ ನೋಡಿ ಗಾಬರಿ ಬೇಡ, ಅಳತೆ ಬೇರೆ. ಅಪಿಕ್ಸಬಾನ್ ದಿನಕ್ಕೆ ಎರಡು ಸಲ. ಮರೆತರೆ ಮುಂದಿನ ಡೋಸಿಗೆ ಆರು ಗಂಟೆಗಿಂತ ಹೆಚ್ಚು ಇದ್ದರಷ್ಟೇ ತೆಗೆದುಕೊಳ್ಳಿ. ರಿವರೊಕ್ಸಬಾನ್ 20 ಅಥವಾ 15 ಇದ್ದವರಿಗೆ ಏಕಾದಶಿ ಒಂದು ತೊಡಕು. ಹೊಟ್ಟೆ ತುಂಬ ಊಟದ ಜೊತೆಯಲ್ಲೇ ಅದು ಸರಿಯಾಗಿ ಮೈಗೆ ಹತ್ತುವುದು. ಬರಿಹೊಟ್ಟೆಯಲ್ಲಿ 20ರ ಮಾತ್ರೆ ಮೂರರಲ್ಲಿ ಎರಡು ಪಾಲಷ್ಟೇ ಹತ್ತುತ್ತದೆ. ಉಪವಾಸ ಬಿಡದವರು ಮೊದಲೇ ಫಾರ್ಮಸಿಸ್ಟ್ ಜೊತೆ ಮಾತಾಡಿ. ಹೊಸದಾಗಿ ಈ ಮಾತ್ರೆ ಶುರುಮಾಡಿದವರ ಜೊತೆ ಕೂತು ಮಾತಾಡುವ ಉಚಿತ ಸೇವೆ ಫಾರ್ಮಸಿಗಳಲ್ಲಿದೆ, ನಮ್ಮವರು ಬಳಸುವುದೇ ಕಡಿಮೆ.

ಮಂಡಿನೋವಿಗೆಂದು ಡ್ರಾಯರಿನಲ್ಲಿರುವ ಕಾಂಬಿಫ್ಲಾಂ, ವೊವೆರಾನ್ ಎಸೆಯಿರಿ. ಮೊದಲನೆಯದರಲ್ಲಿ ಐಬುಪ್ರೊಫೆನ್, ಎರಡನೆಯದು ಡೈಕ್ಲೊಫೆನಾಕ್. ಎರಡೂ ಹೊಟ್ಟೆಯಲ್ಲಿ ರಕ್ತಸ್ರಾವ ಹೆಚ್ಚಿಸುತ್ತವೆ. ಪ್ಯಾರಾಸಿಟಮಾಲ್ ಆಗಬಹುದು. ಬಾಯಿಯ ಶಿಲೀಂಧ್ರ ಸೋಂಕಿಗೆ ಕೌಂಟರಿನಲ್ಲಿ ಸಿಗುವ ಮೈಕೊನಜೋಲ್ ಜೆಲ್ ಕೂಡ ವಾರ್ಫರಿನ್ ಇದ್ದವರ ಐಎನ್‌ಆರ್ ಏರಿಸಿಬಿಡುತ್ತದೆ. ಹಲ್ಲು ಕೀಳಿಸುವಾಗ ನೀವೇ ಮಾತ್ರೆ ನಿಲ್ಲಿಸಬೇಡಿ, ದಂತವೈದ್ಯರಿಗೆ ಮೊದಲೇ ತಿಳಿಸಿ.

ತಲೆಗೆ ಪೆಟ್ಟಾದರೆ, ನೋವಿಲ್ಲದಿದ್ದರೂ, ಎ ಅಂಡ್ ಇಗೆ (ಆಸ್ಪತ್ರೆಯ ತುರ್ತು ವಿಭಾಗಕ್ಕೆ) ಹೋಗಿ. ಮೇಲೆ ಕಾಣದ ರಕ್ತ ಒಳಗೆ ಒಸರುತ್ತಿರಬಹುದು. ಟಾರಿನಂತೆ ಕಪ್ಪಾದ ಮಲ, ಕಾಫಿಪುಡಿಯಂಥ ವಾಂತಿ, ಹತ್ತು ನಿಮಿಷ ಅದುಮಿದರೂ ನಿಲ್ಲದ ಮೂಗಿನ ರಕ್ತಕ್ಕೂ ಅದೇ ದಾರಿ. ಮುಖ ಓರೆಯಾದರೆ, ತೋಳು ಎತ್ತಲಾಗದಿದ್ದರೆ, ಮಾತು ತೊದಲಿದರೆ 999ಕ್ಕೆ ಫೋನ್ ಮಾಡಿ. ಮಾತ್ರೆ ಮುಗಿದು ಜಿಪಿ ಮುಚ್ಚಿದ್ದರೆ 111ಕ್ಕೆ.

ಇಂಗ್ಲೆಂಡಿನಲ್ಲಿ 2024ರ ಮೇ ತಿಂಗಳಲ್ಲಿ ಒಂದು ಔಷಧಕ್ಕೆ ಶುಲ್ಕ 9.90 ಪೌಂಡಿಗೆ ಏರಿತು. ಒಮ್ಮೆ ಕಟ್ಟಿದರೆ ವರ್ಷವಿಡೀ ಬೇರೆ ಶುಲ್ಕವಿಲ್ಲದ ವಾರ್ಷಿಕ ಮುಂಗಡ ಪ್ರಮಾಣಪತ್ರಕ್ಕೆ ಆಗ 114.50 ಪೌಂಡ್; ನಾಲ್ಕು ಔಷಧವಿದ್ದರೆ ಅದೇ ಲಾಭ. 60 ತುಂಬಿದವರಿಗೆ ಉಚಿತ; ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಎಲ್ಲರಿಗೂ ಉಚಿತ. ವಿಸಿಟರ್ ವೀಸಾದಲ್ಲಿ ಬರುವ ಅಪ್ಪ ಅಮ್ಮನಿಗೆ ಎ ಅಂಡ್ ಇ ಉಚಿತವಾದರೂ ವಾರ್ಡಿಗೆ ಸೇರಿಸಿದ ಕೂಡಲೇ ಬಿಲ್ಲು ಶುರು, ಅದೂ ಎನ್‌ಎಚ್‌ಎಸ್ ದರದ 150 ಶೇಕಡಾದಂತೆ. ಇನ್ಶೂರೆನ್ಸ್ ಮಾಡಿಸುವಾಗ ಸ್ಟೆಂಟ್ ಇರುವುದನ್ನು ಮುಚ್ಚಿಟ್ಟರೆ ಅದು ಇದ್ದೂ ಇಲ್ಲದಂತೆ.

ಊರಿಗೆ ಹೋಗುವ ಮುನ್ನ ಮಾತ್ರೆಯನ್ನು ಮೊದಲೇ ಕೇಳಿ ಪಡೆದು ಕೈಚೀಲದಲ್ಲಿಡಿ. ಅಲ್ಲಿನ ಲ್ಯಾಬಿನಲ್ಲಿ ಐಎನ್‌ಆರ್ ನೋಡಿಸಿದರೆ ತಾರೀಖಿನ ಸಮೇತ ಹಳದಿ ಪುಸ್ತಕದಲ್ಲಿ ಬರೆದುಕೊಂಡು ಇಲ್ಲಿನ ಕ್ಲಿನಿಕ್‌ಗೆ ಫೋನ್ ಮಾಡಿ.