ಕಬ್ಬಿಣದ ಕುರ್ಚಿಗೆ ತುಕ್ಕು ಹತ್ತುವುದು ಎಲ್ಲಿಂದ?

ಕಳೆದ ಮಳೆಗಾಲ ಮುಗಿದ ಮೇಲೆ ಸಿಟ್‌ಔಟಿನ ಕುರ್ಚಿಯೊಂದನ್ನು ಮಗುಚಿ ಹಾಕಿ, ಕಾಲಿನ ತುದಿಯ ರಬ್ಬರ್ ಬುಶ್ ಕಿತ್ತೆ. ಒಳಗಿನಿಂದ ಒಂದು ಚಮಚದಷ್ಟು ಕೆಂಪು ನೀರು ನೆಲಕ್ಕೆ ಬಿತ್ತು. ಅದರ ಹಿಂದೆಯೇ ಚಹಾಪುಡಿಯಂಥ ತುಕ್ಕು ಉದುರಿತು. ಹೊರಗಿನ ಕಪ್ಪು ಬಣ್ಣ ಮಾತ್ರ ತಂದ ದಿನದ ಹಾಗೆಯೇ ಇತ್ತು. ಕೊಳ್ಳುವಾಗ ಅಂಗಡಿಯವರು, ‘ಪೌಡರ್ ಕೋಟಿಂಗ್ ಸಾರ್, ತುಕ್ಕಿನ ಮಾತೇ ಇಲ್ಲ’ ಅಂದಿದ್ದರು. ಪೈಪಿನ ಹೊರಮೈಗೆ ಆ ಮಾತು ಸರಿ. ಒಳಮೈ ಕಥೆ ಏನು ಎಂದು ನಾನೂ ಕೇಳಿರಲಿಲ್ಲ.

ನಮ್ಮ ಮನೆ ಸುರತ್ಕಲ್ಲಿನಲ್ಲಿ, ಕಡಲಿಗೆ ಕೂಗಳತೆ. ಉಪ್ಪುಗಾಳಿಯ ಊರಿನಲ್ಲಿ ಲೋಹದ ಪೀಠೋಪಕರಣ ಕೊಳ್ಳುವವರು, ಇರುವುದನ್ನು ಉಳಿಸಿಕೊಳ್ಳಬೇಕೆನ್ನುವವರು ಬಣ್ಣ ನೋಡುವ ಮೊದಲು ನೋಡಬೇಕಾದದ್ದು ಬೇರೆ ಇದೆ.

ಮೊದಲು, ಲೋಹ ಯಾವುದು ಎಂದು ತಿಳಿಯಿರಿ

ಫ್ರಿಜ್ಜಿಗೆ ಅಂಟಿಸುವ ಅಯಸ್ಕಾಂತವೊಂದನ್ನು ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ. ಎಂಎಸ್ ಅಂದರೆ ಮೈಲ್ಡ್ ಸ್ಟೀಲ್‌ಗೆ ಅದು ಗಟ್ಟಿಯಾಗಿ ಹಿಡಿಯುತ್ತದೆ. ಜಿಐ ಪೈಪಿಗೂ ಹಿಡಿಯುತ್ತದೆ, ಏಕೆಂದರೆ ಅದು ಸತುವಿನ ಲೇಪ ಹೊದ್ದ ಅದೇ ಉಕ್ಕು. ಅಲ್ಯೂಮಿನಿಯಂ, ಹಿತ್ತಾಳೆಗಳಿಗೆ ಹಿಡಿಯುವುದಿಲ್ಲ. ಗೊಂದಲವಿರುವುದು ಸ್ಟೇನ್‌ಲೆಸ್‌ನಲ್ಲಿ. ಅದರ ಗ್ರೇಡುಗಳನ್ನು 202, 304, 316 ಎಂಬ ಅಂಕಿಗಳಿಂದ ಗುರುತಿಸುತ್ತಾರೆ. ‘ಮ್ಯಾಗ್ನೆಟ್ ಹಿಡಿಯಲಿಲ್ಲ ನೋಡಿ, ಇದು 304’ ಎನ್ನುವ ಮಾತನ್ನು ನಂಬಬೇಡಿ. ಅಗ್ಗದ 202ಕ್ಕೂ ಅದು ಹಿಡಿಯುವುದಿಲ್ಲ. ಅಸಲಿ 304 ಕೂಡ ಪೈಪು ಬಾಗಿಸಿದ ಕಡೆ ತುಸು ಸೆಳೆಯುವುದುಂಟು. 304ರಲ್ಲಿ ಸುಮಾರು 18 ಶೇಕಡ ಕ್ರೋಮಿಯಂ, 8 ಶೇಕಡ ನಿಕ್ಕಲ್ ಇರುತ್ತದೆ. 202ರಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ, ಕರಾವಳಿಯಲ್ಲಿ ಅದಕ್ಕೆ ಬೇಗನೆ ಕಂದು ಚುಕ್ಕೆ ಬೀಳುತ್ತದೆ. ಗ್ರೇಡನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಸಮುದ್ರ ಕಾಣುವ ಬಾಲ್ಕನಿಗೆ 316 ಇನ್ನೂ ಒಳ್ಳೆಯದು, ಅದರಲ್ಲಿರುವ ಮಾಲಿಬ್ಡಿನಂ ಉಪ್ಪನ್ನು ತಡೆಯುತ್ತದೆ. ಬೆಲೆ ಮಾತ್ರ ಕೈ ಸುಡುತ್ತದೆ.

ಅಲ್ಯೂಮಿನಿಯಂ ಹಗುರ. ಒಂದು ಲೀಟರ್ ಹಾಲಿನಷ್ಟು ಗಾತ್ರದ ಉಕ್ಕಿನ ಗಟ್ಟಿ 7.85 ಕೆ.ಜಿ. ತೂಗಿದರೆ, ಅಲ್ಯೂಮಿನಿಯಂ 2.7 ಕೆ.ಜಿ. ತೂಗುತ್ತದೆ. ಆದರೆ ಬಾಗದೆ ನಿಲ್ಲುವ ಬಿಗಿಯೂ ಉಕ್ಕಿನ ಮೂರನೇ ಒಂದು ಪಾಲೇ. ಆದ್ದರಿಂದ ಪೈಪು ದಪ್ಪನೆಯದಾಗಿರಬೇಕು. ತೆಳು ಪೈಪಿನ ಅಲ್ಯೂಮಿನಿಯಂ ಕುರ್ಚಿಯಲ್ಲಿ ಕೂತು ಒಮ್ಮೆ ಪಕ್ಕಕ್ಕೆ ವಾಲಿ ನೋಡಿ, ಗೊತ್ತಾಗುತ್ತದೆ. ತೋಟದ ಬೆಂಚುಗಳ ಹೂಬಳ್ಳಿ ಕಾಲುಗಳು ಎರಕದ ಕಬ್ಬಿಣದವು. ಭಾರ ಹೊರುತ್ತವೆ, ಎತ್ತಿ ಹಾಕಿದರೆ ಒಡೆಯುತ್ತವೆ.

ಗೇಜಿನ ಲೆಕ್ಕ ತಲೆಕೆಳಗು. ಅಂಕಿ ಹೆಚ್ಚಾದಷ್ಟೂ ತಗಡು ತೆಳು. 16 ಗೇಜ್ ಎಂದರೆ 1.6 ಮಿ.ಮೀ., 18 ಎಂದರೆ 1.2, 20 ಎಂದರೆ 0.9. (16ಕ್ಕೆ 1.6 ಹೊಂದಿಕೊಂಡದ್ದು ಕಾಕತಾಳೀಯ. ಅದನ್ನೇ ನಂಬಿ 18 ಎಂದರೆ 1.8 ಅಂದುಕೊಂಡು ಮೋಸಹೋದವರಿದ್ದಾರೆ.) ಮಂಚದ ಕಾಲಿಗೆ 16, ಕುರ್ಚಿಗೆ 18 ಇರಲಿ ಎನ್ನುವುದು ನನ್ನ ಲೆಕ್ಕ.

ಆಮೇಲೆ, ಹೊದಿಕೆ ಯಾವುದು ಎಂದು ಕೇಳಿ

ಅಲ್ಯೂಮಿನಿಯಂ ಗಾಳಿಗೆ ತಗುಲಿದೊಡನೆ ಅದರ ಮೈಮೇಲೆ ಆಕ್ಸೈಡಿನ ತೆಳುಪೊರೆ ಕಟ್ಟಿ ಭದ್ರವಾಗಿ ಅಂಟಿಕೊಳ್ಳುತ್ತದೆ. ಸ್ಟೇನ್‌ಲೆಸ್‌ಗೂ ಕ್ರೋಮಿಯಂ ಅಂಥದೇ ಪೊರೆ ಕೊಡುತ್ತದೆ. ಕಬ್ಬಿಣಕ್ಕೆ ಆ ಭಾಗ್ಯವಿಲ್ಲ. ಅದರ ತುಕ್ಕು ಉಬ್ಬಿ ಚಕ್ಕೆಯಾಗಿ ಏಳುತ್ತದೆ, ಕೆಳಗಿನ ಹಸಿ ಕಬ್ಬಿಣವನ್ನು ಮತ್ತೆ ನೀರಿಗೆ ಒಡ್ಡುತ್ತದೆ. ಹಾಗಾಗಿ ಎಂಎಸ್‌ನ ಆಯುಷ್ಯವೆಲ್ಲ ಹೊದಿಕೆಯ ಕೈಯಲ್ಲಿದೆ.

ಪೌಡರ್ ಕೋಟಿಂಗಿನಲ್ಲಿ ಒಣಪುಡಿಗೆ ವಿದ್ಯುತ್ ಚಾರ್ಜ್ ಕೊಟ್ಟು ಲೋಹದ ಮೇಲೆ ಸಿಂಪಡಿಸುತ್ತಾರೆ. ಆಮೇಲೆ 180ರಿಂದ 200 ಡಿಗ್ರಿ ಬಿಸಿಯ ಓವನ್ನಿನಲ್ಲಿ ಬೇಯಿಸುತ್ತಾರೆ. ಸಾಮಾನ್ಯವಾಗಿ 60–80 ಮೈಕ್ರಾನ್, ಅಂದರೆ ಹೆಚ್ಚುಕಮ್ಮಿ ಒಂದು ತಲೆಗೂದಲಿನಷ್ಟು ದಪ್ಪದ ಗಟ್ಟಿ ಪದರ ಬರುತ್ತದೆ. ಇದರ ದೌರ್ಬಲ್ಯವೂ ಆ ಚಾರ್ಜಿನಲ್ಲೇ ಇದೆ. ಪುಡಿ ಹೊರಮೈಗೆ, ಅಂಚುಗಳಿಗೆ ಓಡಿಹೋಗಿ ಅಂಟುತ್ತದೆ, ಇಕ್ಕಟ್ಟಾದ ಮೂಲೆಗಳಿಗೆ ಸರಿಯಾಗಿ ಇಳಿಯುವುದಿಲ್ಲ, ಪೈಪಿನ ಒಳಗಂತೂ ಹೋಗುವುದೇ ಇಲ್ಲ. ನನ್ನ ಕುರ್ಚಿಯಲ್ಲಿ ಆದದ್ದು ಇದೇ.

ಕುರ್ಚಿಯನ್ನು ಪೂರ್ತಿ ಬೆಸೆದ ಮೇಲೆ ಸುಮಾರು 450 ಡಿಗ್ರಿಯ ಕರಗಿದ ಸತುವಿನಲ್ಲಿ ಅದ್ದಿ ತೆಗೆದರೆ ಒಳಗೂ ಹೊರಗೂ ಲೇಪ ಕೂರುತ್ತದೆ. ಗೀಚು ಬಿದ್ದರೂ ಸುತ್ತಲಿನ ಸತು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ನಮ್ಮಲ್ಲಿ ಹೆಚ್ಚಾಗಿ ನಡೆಯುವುದು ಇದರ ಉಲ್ಟಾ. ಮೊದಲೇ ಲೇಪವಾದ ಜಿಐ ಪೈಪು ತಂದು ವೆಲ್ಡ್ ಮಾಡುತ್ತಾರೆ. ಬೆಸುಗೆಯ ಜಾಗದಲ್ಲಿ ಸತು ಬಿಳಿ ಹೊಗೆಯಾಗಿ ಹಾರಿಹೋಗುತ್ತದೆ (ಆ ಹೊಗೆ ಕುಡಿದರೆ ಜ್ವರ ಬರುತ್ತದೆ, ದೂರ ನಿಲ್ಲಿ), ಉಕ್ಕು ಬೆತ್ತಲಾಗುತ್ತದೆ. ಅಲ್ಲಿಗೆ ಸತು ಹೆಚ್ಚಿರುವ ಪೇಂಟ್ ಬಳಿಯಲೇಬೇಕು.

ಹೊಳಪಿನ ಕ್ರೋಮ್ ಕಣ್ಣಿಗೆ ಹಬ್ಬ. 1925ರಲ್ಲಿ ಜರ್ಮನಿಯ ಬೌಹೌಸ್ ವಿನ್ಯಾಸ ಶಾಲೆಯ ಮಾರ್ಸೆಲ್ ಬ್ರಾಯರ್ ಸೈಕಲ್ ಹ್ಯಾಂಡಲ್ ನೋಡಿ ಉಕ್ಕಿನ ಪೈಪು ಬಗ್ಗಿಸಿ ಕುರ್ಚಿ ಮಾಡಿದಂದಿನಿಂದ ಈ ಹೊಳಪಿನ ಮೋಹ ನಮ್ಮನ್ನು ಬಿಟ್ಟಿಲ್ಲ. ಆದರೆ ಅಲಂಕಾರದ ಕ್ರೋಮ್ ಪದರ ಒಂದು ಮೈಕ್ರಾನಿಗಿಂತ ತೆಳು. ತುಕ್ಕು ತಡೆಯುವ ಕೆಲಸವೆಲ್ಲ ಅದರಡಿಯ ನಿಕ್ಕಲ್‌ನದು. ಮನೆಯೊಳಗಿನ ಹಾಲ್‌ಗೆ ಸರಿ, ಕರಾವಳಿಯ ಜಗಲಿಗೆ ಬೇಡ. ಅಲ್ಯೂಮಿನಿಯಂ ಆದರೆ ಆನೋಡೈಸ್ ಮಾಡಿಸಿದ್ದೇ ಎಂದು ಕೇಳಿ. ಅದರ ಸಹಜ ಪೊರೆಯನ್ನೇ ಆಮ್ಲದಲ್ಲಿ ವಿದ್ಯುತ್ ಹಾಯಿಸಿ ದಪ್ಪ ಮಾಡಿರುತ್ತಾರೆ, ಪೇಂಟಿನಂತೆ ಸುಲಿಯುವುದಿಲ್ಲ. ಅದಕ್ಕೆ ಸ್ಟೀಲ್ ಸ್ಕ್ರೂ ಹಾಕುವುದಿದ್ದರೆ ನಡುವೆ ನೈಲಾನ್ ವಾಶರ್ ಇರಲಿ. ಇಲ್ಲವಾದರೆ ಉಪ್ಪುನೀರು ಸೇರಿ ಸ್ಕ್ರೂ ಸುತ್ತ ಬಿಳಿ ಪುಡಿಯೆದ್ದು ಅಲ್ಯೂಮಿನಿಯಂ ಸವೆಯುತ್ತದೆ.

ಹಳೆಯದನ್ನು ಉಳಿಸುವ ಕ್ರಮ

ಒಣಹವೆಯ ದಿನಗಳನ್ನು ಆರಿಸಿ. ಬುಶ್‌ಗಳನ್ನೆಲ್ಲ ಕಿತ್ತು, ಒಳಗಿನ ನೀರು, ಪುಡಿ ತಟ್ಟಿ ತೆಗೆದು, ಕುರ್ಚಿಯನ್ನು ಎರಡು ದಿನ ತಲೆಕೆಳಗಾಗಿ ಬಿಸಿಲಿಗಿಡಿ. ಸ್ಕ್ರೂಡ್ರೈವರಿನ ಹಿಡಿಯಿಂದ ಕಾಲಿನುದ್ದಕ್ಕೂ ತಟ್ಟುತ್ತ ಹೋಗಿ. ಟಣ್ ಎನ್ನುತ್ತಿದ್ದದ್ದು ಒಂದು ಕಡೆ ಬೊದ್ದಾದರೆ ಅಲ್ಲಿ ತುದಿಯಿಂದ ಒತ್ತಿ ನೋಡಿ. ಒಳಗಿಳಿದರೆ ಪೇಂಟಿನಿಂದ ಪ್ರಯೋಜನವಿಲ್ಲ, ಆ ತುಂಡು ಕತ್ತರಿಸಿ ಹೊಸ ಪೈಪು ಬೆಸೆಸಬೇಕು.

ಗಟ್ಟಿಯಿದ್ದರೆ ವೈರ್ ಬ್ರಷ್, ಆಮೇಲೆ 80ನೇ ನಂಬರಿನ ಎಮರಿ. ಹಳೇ ಪೇಂಟಿನಲ್ಲಿ ಸೀಸವಿರಬಹುದು, ಮಾಸ್ಕ್ ಹಾಕಿಕೊಂಡು ನೀರು ತಾಗಿಸಿ ಉಜ್ಜಿ. ಉಳಿದ ಬಣ್ಣದ ಅಂಚನ್ನು 220ರಿಂದ ನಯಗೊಳಿಸಿ. ಕಣ್ಣು ಮುಚ್ಚಿ ಬೆರಳಾಡಿಸಿದರೆ ಬಣ್ಣ ಎಲ್ಲಿ ಮುಗಿಯಿತು, ಲೋಹ ಎಲ್ಲಿ ಶುರುವಾಯಿತು ಎಂದು ತಿಳಿಯಬಾರದು. ಅಲ್ಲಿಯವರೆಗೆ ಕೈ ನಿಲ್ಲಿಸಬೇಡಿ.

ಈಗ ಹೆಚ್ಚಿನವರು ತಪ್ಪಿಸುವ ಹಂತ. ಉಜ್ಜಿದ ಲೋಹದ ಮೇಲೆ ಕಣ್ಣಿಗೆ ಕಾಣದ ಉಪ್ಪು ಇನ್ನೂ ಇರುತ್ತದೆ. ಸಿಹಿನೀರಿನ ಬಟ್ಟೆಯಿಂದ ಒರೆಸಿ, ತಕ್ಷಣ ಒಣಗಿಸಿ. ನಂತರ ಬಿಳಿ ಬಟ್ಟೆಗೆ ಥಿನ್ನರ್ ಅದ್ದಿ, ಬಟ್ಟೆ ಬಿಳಿಯಾಗಿಯೇ ಉಳಿಯುವ ತನಕ ಒರೆಸಿ. ಪ್ರೈಮರ್ ಅದೇ ದಿನ ಹೊಡೆಯಬೇಕು. ‘ನಾಳೆ ನೋಡೋಣ’ ಎಂದರೆ ನಮ್ಮ ಕಡೆ ಬೆಳಗಾಗುವುದರೊಳಗೆ ಲೋಹಕ್ಕೆ ಅರಿಸಿನ ಬಣ್ಣ ಬಂದಿರುತ್ತದೆ.

ಝಿಂಕ್ ಫಾಸ್ಫೇಟ್ ಅಥವಾ ರೆಡ್ ಆಕ್ಸೈಡ್ ಪ್ರೈಮರನ್ನು ಮೊದಲು ಸಣ್ಣ ಬ್ರಷ್ಷಿನಲ್ಲಿ ವೆಲ್ಡಿಂಗ್ ಗೆರೆಗಳಿಗೆ, ಅಂಚುಗಳಿಗೆ ತುಂಬಿ. ಆಮೇಲೆ ಇಡೀ ಮೈಗೆ ತೆಳುವಾಗಿ ಎರಡು ಕೋಟ್. ಕಾಲಿನೊಳಗೆ ತೆಳುಮಾಡಿದ ಪ್ರೈಮರ್ ಸ್ವಲ್ಪ ಸುರಿದು, ಕುರ್ಚಿಯನ್ನು ಅತ್ತಿತ್ತ ತಿರುಗಿಸಿ ಬಸಿಯಿರಿ. ಅದು ಒಣಗಿದ ಮೇಲೆ ಎನಾಮಲ್ ಎರಡು ಕೋಟ್, ನಡುವೆ ಎಷ್ಟು ಹೊತ್ತು ಬಿಡಬೇಕೆಂದು ಡಬ್ಬಿಯ ಮೇಲೆ ಬರೆದಿರುತ್ತದೆ. ವಾರದ ತನಕ ಕೂರಬೇಡಿ.

ಜಿಐ ಆದರೆ ಈ ಕ್ರಮ ನಡೆಯದು. ಸತುವಿನ ಮೇಲೆ ಮಾಮೂಲಿ ಎನಾಮಲ್ ನೇರವಾಗಿ ಹೊಡೆದರೆ ಹಪ್ಪಳದಂತೆ ಎದ್ದು ಬರುತ್ತದೆ, ಜಿಐಗೆಂದೇ ಇರುವ ಪ್ರೈಮರ್ ಕೇಳಿ ತನ್ನಿ. ಸ್ಟೇನ್‌ಲೆಸ್‌ಗೆ ಎಂಎಸ್ ಉಜ್ಜಿದ ವೈರ್ ಬ್ರಷ್ ತಾಗಿಸಬೇಡಿ, ಅದರ ಕಬ್ಬಿಣದ ಕಣ ಮೆತ್ತಿಕೊಂಡು ತುಕ್ಕಿನ ಚುಕ್ಕೆಯಾಗುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ ಕೂಡ ಅದಕ್ಕೆ ಶತ್ರು.

ಬುಶ್ ವಾಪಸ್ ಹಾಕುವ ಮೊದಲು ಅದರ ತಳಕ್ಕೆ 4–5 ಮಿ.ಮೀ. ತೂತು ಕೊರೆದು, ತೂತಿನಿಂದ ಅಂಚಿನ ತನಕ ಬ್ಲೇಡಿನಿಂದ ಸಣ್ಣ ಕಚ್ಚು ಮಾಡಿ. ಒಳಗಿಳಿದ ನೀರು ಹೊರಗೆ ಹೋಗಲು ಅಷ್ಟು ದಾರಿ ಸಾಕು. ನನ್ನ ನಾಲ್ಕು ಕುರ್ಚಿಗಳಲ್ಲಿ ಮೂರು ಹೀಗೆ ಉಳಿದವು. ನಾಲ್ಕನೆಯದರ ಕಾಲು ಸ್ಕ್ರೂಡ್ರೈವರ್ ತಾಗಿದ ಕೂಡಲೇ ಬಿಸ್ಕತ್ತಿನಂತೆ ಮುರಿಯಿತು. ಉಳಿದ ಮೂರು ಕಾಲನ್ನೂ ಅದೇ ಎತ್ತರಕ್ಕೆ ಕತ್ತರಿಸಿ, ಮೇಲೆ ಮಲ್ಲಿಗೆಯ ಕುಂಡ ಇಟ್ಟಿದ್ದೇನೆ.